ಸಿಪ್ಪೆಯ ಬೀಗ ತೆಗೆಯುವವರು ಯಾರು?

ನನ್ನ ಅಬ್ಬಾ ಅಡಿಕೆ ಚೇಣಿ ಮಾಡುತ್ತಾರೆ. ಚನ್ನಗಿರಿ ತಾಲ್ಲೂಕಿನಲ್ಲಿ ತೋಟದವರಿಂದ ಫಸಲು ಹಿಡಿದು, ಕೊಯ್ಯಿಸಿ, ಸುಲಿಸಿ, ಬೇಯಿಸಿ, ಒಣಗಿಸಿ ಮಂಡಿಗೆ ಹಾಕುವುದು ನಮ್ಮ ಮನೆಯ ಕಸುಬು. ಹಸಿ ಅಡಿಕೆಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸಿಪ್ಪೆಯೇ. ಸುಲಿಯುವ ಯಂತ್ರ ಬಂದ ಮೇಲಂತೂ ಬೆಳಗಾಗುವಷ್ಟರಲ್ಲಿ ಟ್ರ್ಯಾಕ್ಟರ್ ಲೋಡುಗಟ್ಟಲೆ ಸಿಪ್ಪೆ ಬಿದ್ದಿರುತ್ತದೆ. ಅದನ್ನು ರಸ್ತೆ ಬದಿಗೆ ಸುರಿಯುತ್ತೇವೆ. ಒಣಗಿದ ಮೇಲೆ ಯಾರೋ ಬೆಂಕಿ ಇಡುತ್ತಾರೆ. ಆ "ಯಾರೋ" ಎಷ್ಟೋ ಸಲ ನಾವೇ.

ಕಳೆದ ಸುಗ್ಗಿಯಲ್ಲಿ ಆ ಹೊಗೆ ಮೂರು ದಿನ ಆರಲಿಲ್ಲ. ನಮ್ಮ ದಾದಿಗೆ ಮೊದಲೇ ಉಬ್ಬಸ. ರಾತ್ರಿಯಿಡೀ ಗೋಡೆಗೆ ಒರಗಿ ಕೂತಿದ್ದರು. "ಮಳೆ ಬಂದರೆ ಕೊಳೆತು ನಾರುತ್ತದೆ, ಸುಟ್ಟರೆ ಹೊಗೆ. ನಾನೇನು ಮಾಡಲಿ ಬೇಟಿ?" ಎಂದು ಅಬ್ಬಾ ನನ್ನನ್ನೇ ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಆಮೇಲೆ ಒಂದು ದಿನ ತರಗತಿಯಲ್ಲಿ ಜೈವಿಕ ಅಣುಗಳ ಪಾಠ ಬಂತು. ಪಿಷ್ಟವೂ ಗ್ಲೂಕೋಸ್‌ನ ಸರಪಳಿ, ಸೆಲ್ಯುಲೋಸ್ ಕೂಡ ಗ್ಲೂಕೋಸ್‌ನ ಸರಪಳಿ ಎಂದು ಸರ್ ಹೇಳಿದಾಗ ನನಗೆ ನೆನಪಾದದ್ದು ಅಬ್ಬಾನ ಸಿಪ್ಪೆ ರಾಶಿ. ಹಾಗಾದರೆ ನಾವು ಸುಡುತ್ತಿರುವುದು ಸಕ್ಕರೆಯನ್ನೇ? ಪಾಠ ಮುಗಿದ ಮೇಲೆ ಕೇಳಿದೆ. "ಹೌದಮ್ಮ, ಸಕ್ಕರೆಯೇ. ಆದರೆ ಬೀಗ ಹಾಕಿದ ಕೋಣೆಯಲ್ಲಿದೆ" ಎಂದರು ಸರ್.

ಈ ಲೇಖನ ಆ ಬೀಗದ ಬಗ್ಗೆ. ಕೃಷಿ ತ್ಯಾಜ್ಯದಿಂದ ಇಂಧನ ತೆಗೆಯುತ್ತೇವೆ ಎಂಬ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ. ಎಲ್ಲರೂ ಮಾತಾಡುವುದು ಕೊನೆಗೆ ಬರುವ ಎಥನಾಲ್ ಬಗ್ಗೆ. ಆದರೆ ಇಡೀ ಕೆಲಸದ ಲಾಭ ನಷ್ಟ, ಒಳಿತು ಕೆಡುಕು ತೀರ್ಮಾನವಾಗುವುದು ಮೊದಲನೆಯ ಹೆಜ್ಜೆಯಲ್ಲಿ, ಅಂದರೆ ಬೀಗ ತೆಗೆಯುವ ಹೆಜ್ಜೆಯಲ್ಲಿ. ಅದಕ್ಕೆ ಪೂರ್ವಸಂಸ್ಕರಣೆ ಎನ್ನುತ್ತಾರೆ. ದಾವಣಗೆರೆ ಜಿಲ್ಲೆಯ ವಿಜ್ಞಾನ ವಿದ್ಯಾರ್ಥಿಗಳಾದ ನಾವು ಈ ಹೆಜ್ಜೆಯನ್ನು ಚೆನ್ನಾಗಿ ತಿಳಿದುಕೊಳ್ಳಲೇಬೇಕು ಎಂಬುದು ನನ್ನ ಅಭಿಪ್ರಾಯ.

ಬೀಗ ಹೇಗಿದೆ?

ಅನ್ನದಲ್ಲಿರುವ ಪಿಷ್ಟವನ್ನು ನಮ್ಮ ಎಂಜಲಿನ ಕಿಣ್ವವೇ ಒಡೆಯಲು ಶುರುಮಾಡುತ್ತದೆ. ಅಲ್ಲಿ ಗ್ಲೂಕೋಸ್ ಅಣುಗಳು ಆಲ್ಫಾ ಬಂಧದಿಂದ ಸೇರಿರುತ್ತವೆ. ಸೆಲ್ಯುಲೋಸ್‌ನಲ್ಲಿ ಇರುವುದು ಬೀಟಾ ಬಂಧ. ಇಷ್ಟೇ ವ್ಯತ್ಯಾಸಕ್ಕೆ ಸರಪಳಿ ನೇರವಾಗುತ್ತದೆ, ಒಂದರ ಪಕ್ಕ ಒಂದು ಒತ್ತಾಗಿ ಕೂತು ಹೈಡ್ರೋಜನ್ ಬಂಧಗಳಿಂದ ಬಿಗಿಯಾಗುತ್ತದೆ. ಈ ನೂಲುಗಳ ಸುತ್ತ ಹೆಮಿಸೆಲ್ಯುಲೋಸ್ ಎಂಬ ಇನ್ನೊಂದು ಸಕ್ಕರೆ ಸರಪಳಿ ಹೆಣೆದುಕೊಂಡಿರುತ್ತದೆ. ಇವೆಲ್ಲದರ ನಡುವೆ ಲಿಗ್ನಿನ್ ಗಾರೆಯಂತೆ ತುಂಬಿಕೊಂಡಿರುತ್ತದೆ. ಗಿಡ ನೆಟ್ಟಗೆ ನಿಲ್ಲುವುದು, ಮಳೆ ಗಾಳಿ ಹುಳುಗಳಿಗೆ ಸುಲಭವಾಗಿ ಸೋಲದಿರುವುದು ಈ ಕಟ್ಟಡದಿಂದಲೇ. ತೆಂಗಿನ ನಾರಿನಲ್ಲಿ ಲಿಗ್ನಿನ್ ಬಹಳ ಹೆಚ್ಚು. ಅದಕ್ಕೇ ತೆಂಗಿನ ಹಗ್ಗ ಉಪ್ಪುನೀರಿನಲ್ಲೂ ಬೇಗ ಕೊಳೆಯುವುದಿಲ್ಲ.

ಸೆಲ್ಯುಲೋಸ್ ಒಡೆಯುವ ಕಿಣ್ವ ಇಲ್ಲವೆಂದಲ್ಲ. ಎರಡನೇ ಮಹಾಯುದ್ಧದ ಹೊತ್ತಿಗೆ ಸಾಲೊಮನ್ ದ್ವೀಪಗಳಲ್ಲಿ ಅಮೆರಿಕದ ಸೈನ್ಯದ ಕ್ಯಾನ್ವಾಸ್ ಡೇರೆಗಳು ತೂತು ಬಿದ್ದು ಹಾಳಾಗುತ್ತಿದ್ದವು. ಹುಡುಕಿದಾಗ ಸಿಕ್ಕಿದ್ದು ಒಂದು ಬೂಷ್ಟು, ಟ್ರೈಕೋಡರ್ಮಾ ರೀಸಿ. ಇಂದು ಕಾರ್ಖಾನೆಗಳು ಬಳಸುವ ಸೆಲ್ಯುಲೇಸ್ ಕಿಣ್ವದ ದೊಡ್ಡ ಪಾಲು ಅದರ ಸಂತತಿಯಿಂದಲೇ ಬರುತ್ತದೆ. ಆದರೆ ಕಚ್ಚಾ ಹುಲ್ಲಿಗೆ ನೇರವಾಗಿ ಈ ಕಿಣ್ವ ಹಾಕಿದರೆ ಸಿಗಬೇಕಾದ ಸಕ್ಕರೆಯಲ್ಲಿ ಸಾಮಾನ್ಯವಾಗಿ ಐದನೇ ಒಂದು ಭಾಗವೂ ಸಿಗುವುದಿಲ್ಲ. ಕಿಣ್ವ ಬಾಗಿಲ ಹೊರಗೇ ನಿಂತಿರುತ್ತದೆ. ಮೊದಲು ಗಾರೆ ಸಡಿಲಿಸಿ ಬಾಗಿಲು ತೆರೆದುಕೊಟ್ಟರೆ ಮುಕ್ಕಾಲಿಗಿಂತ ಹೆಚ್ಚು ಸಕ್ಕರೆ ತೆಗೆಯಬಹುದು.

ನಮ್ಮ ಊರಿಗೆ ಗೊತ್ತಿರುವ ಬೀಗದ ಕೈಗಳು

ಇದೇನೋ ದೊಡ್ಡ ದೊಡ್ಡ ಪ್ರಯೋಗಾಲಯಗಳ ಮಾತು ಎಂದುಕೊಳ್ಳಬೇಡಿ. ನಾನು ಓದಲು ಉಳಿದುಕೊಂಡಿರುವುದು ದಾವಣಗೆರೆಯ ಖಾಲಾ ಮನೆಯಲ್ಲಿ, ಮಂಡಕ್ಕಿ ಭಟ್ಟಿಗಳ ಹತ್ತಿರ. ಭಟ್ಟಿಯಲ್ಲಿ ಆಗುವುದೇನು? ಹದವಾಗಿ ತೇವ ಇರುವ ಅಕ್ಕಿಯನ್ನು ಕೆಂಡದಂಥ ಮರಳಿಗೆ ಹಾಕುತ್ತಾರೆ. ಕಾಳಿನೊಳಗಿನ ನೀರು ಕ್ಷಣದಲ್ಲಿ ಆವಿಯಾಗಿ ಹಿಗ್ಗಿ ಕಾಳನ್ನು ಅರಳಿಸುತ್ತದೆ. ಹುಲ್ಲಿನ ಬೀಗ ತೆಗೆಯುವ ಒಂದು ಮುಖ್ಯ ವಿಧಾನವೂ ಇದೇ ತತ್ವದ್ದು. ಕೊಚ್ಚಿದ ಹುಲ್ಲನ್ನು ಮುಚ್ಚಿದ ಪಾತ್ರೆಯಲ್ಲಿ ಸುಮಾರು 200 ಡಿಗ್ರಿ ಸೆಲ್ಸಿಯಸ್ ಹಬೆಯಲ್ಲಿ ಕೆಲವು ನಿಮಿಷ ಇಡುತ್ತಾರೆ. ಒಳಗಿನ ಒತ್ತಡ ಹೊರಗಿನ ಗಾಳಿಗಿಂತ ಹದಿನೈದು ಪಟ್ಟಿನಷ್ಟಿರುತ್ತದೆ. ಆಮೇಲೆ ಒಮ್ಮೆಲೇ ಬಾಯಿ ತೆರೆಯುತ್ತಾರೆ. ನಾರಿನೊಳಗೆ ಹೊಕ್ಕಿದ್ದ ನೀರು ಸಿಡಿದು ಆವಿಯಾಗಿ ನಾರನ್ನು ಹರಿದುಹಾಕುತ್ತದೆ. ಹಬೆ ಸ್ಫೋಟ ಎಂದು ಇದಕ್ಕೆ ಹೆಸರು.

ಎರಡನೆಯದು ಹಸು ಎಮ್ಮೆ ಸಾಕುವವರಿಗೆ ಗೊತ್ತು. 100 ಕೆ.ಜಿ. ಒಣಹುಲ್ಲಿಗೆ 4 ಕೆ.ಜಿ. ಯೂರಿಯಾವನ್ನು ನೀರಿನಲ್ಲಿ ಕರಗಿಸಿ ಸಮನಾಗಿ ಚಿಮುಕಿಸಿ, ಗಾಳಿಯಾಡದಂತೆ ಮುಚ್ಚಿ ಮೂರು ವಾರ ಇಡಬೇಕೆಂದು ಪಶುಪಾಲನೆಯವರು ಹೇಳಿಕೊಡುತ್ತಾರೆ. ಯೂರಿಯಾದಿಂದ ಅಮೋನಿಯಾ ಹೊರಟು, ಆ ಕ್ಷಾರ ಲಿಗ್ನಿನ್‌ನ ಹಿಡಿತ ಸಡಿಲಿಸುತ್ತದೆ. ಹುಲ್ಲು ಮೆತ್ತಗಾಗುತ್ತದೆ, ದನದ ಹೊಟ್ಟೆಯ ಸೂಕ್ಷ್ಮಜೀವಿಗಳಿಗೆ ಸುಲಭವಾಗಿ ಜೀರ್ಣವಾಗುತ್ತದೆ. ಇದೂ ಪೂರ್ವಸಂಸ್ಕರಣೆಯೇ. ಕಾರ್ಖಾನೆಗಳು ಕಾಸ್ಟಿಕ್ ಸೋಡಾ, ಸುಣ್ಣ, ಅಮೋನಿಯಾ ಬಳಸಿ ಮಾಡುವುದು ಇದೇ ಕೆಲಸ.

ಮೂರನೆಯದು ಅಣಬೆ. ಹುಲ್ಲಿನ ಮೇಲೆ ಬೆಳೆಸುವ ಆಯಿಸ್ಟರ್ ಅಣಬೆ ಲಿಗ್ನಿನ್ ತಿನ್ನುವ ಜಾತಿಯದು. ಖರ್ಚಿಲ್ಲ, ವಿಷವಿಲ್ಲ. ಆದರೆ ವಾರಗಟ್ಟಲೆ ಕಾಯಬೇಕು, ಕಾಯುವಷ್ಟರಲ್ಲಿ ಸ್ವಲ್ಪ ಸಕ್ಕರೆಯನ್ನು ಅದೇ ತಿಂದುಬಿಡುತ್ತದೆ.

ನಾಲ್ಕನೆಯದು ಆಮ್ಲ. 1819ರಲ್ಲೇ ಫ್ರಾನ್ಸಿನ ಹೆನ್ರಿ ಬ್ರಾಕೊನೊ ಎಂಬ ರಸಾಯನಶಾಸ್ತ್ರಜ್ಞ ಹಳೆ ಲಿನನ್ ಬಟ್ಟೆಯನ್ನು ಗಂಧಕಾಮ್ಲದಲ್ಲಿ ಕರಗಿಸಿ ಸಕ್ಕರೆ ತೆಗೆದಿದ್ದರು. ಇವತ್ತು ಶೇ. 1ರ ಆಸುಪಾಸಿನ ತೆಳು ಆಮ್ಲ ಸೇರಿಸಿ ಬಿಸಿ ಮಾಡುತ್ತಾರೆ. ಇಲ್ಲಿ ಹದ ಮುಖ್ಯ. ಸಕ್ಕರೆ ಪಾಕ ಒಂದು ನಿಮಿಷ ಹೆಚ್ಚಾದರೆ ಕರಕಲಾಗುವುದನ್ನು ಅಡುಗೆಮನೆಯಲ್ಲಿ ನೋಡಿದ್ದೇವೆ. ಹಾಗೆಯೇ ಇಲ್ಲೂ ಬಿಸಿ ಹೆಚ್ಚಾದರೆ ಬಿಡುಗಡೆಯಾದ ಸಕ್ಕರೆ ಫರ್ಫ್ಯೂರಲ್‌ನಂಥ ವಸ್ತುಗಳಾಗಿ ಬದಲಾಗುತ್ತದೆ. ಅವು ಮುಂದೆ ಹುದುಗಿಸಬೇಕಾದ ಯೀಸ್ಟ್‌ಗೆ ವಿಷ. ಬೀಗ ತೆಗೆಯಲು ಹೋಗಿ ಒಳಗಿನ ಮಾಲನ್ನೇ ಹಾಳು ಮಾಡಿದಂತೆ.

ಲೆಕ್ಕ ಹಾಕಿ ನೋಡೋಣ

ಹರಿಯಾಣದ ಪಾಣಿಪತ್‌ನಲ್ಲಿ ಇಂಡಿಯನ್ ಆಯಿಲ್ ಸಂಸ್ಥೆ 900 ಕೋಟಿ ರೂಪಾಯಿಗೂ ಹೆಚ್ಚು ಖರ್ಚಿನಲ್ಲಿ ಭತ್ತದ ಹುಲ್ಲಿನಿಂದ ಎಥನಾಲ್ ಮಾಡುವ ಘಟಕ ಕಟ್ಟಿತು. 2022ರ ಆಗಸ್ಟ್ 10ರಂದು ಪ್ರಧಾನಿ ಅದನ್ನು ಲೋಕಾರ್ಪಣೆ ಮಾಡಿದರು. ವರ್ಷಕ್ಕೆ 2 ಲಕ್ಷ ಟನ್ ಹುಲ್ಲು, ಅದರಿಂದ 3 ಕೋಟಿ ಲೀಟರ್ ಎಥನಾಲ್ ಎಂಬುದು ಘೋಷಿಸಿದ ಗುರಿ. ಅಂದರೆ ಟನ್ನಿಗೆ 150 ಲೀಟರ್.

ಈಗ ನಮ್ಮ ಪುಸ್ತಕದ ಲೆಕ್ಕ. ಒಂದು ಟನ್ ಒಣಹುಲ್ಲಿನಲ್ಲಿ ಸುಮಾರು 350 ಕೆ.ಜಿ. ಸೆಲ್ಯುಲೋಸ್ ಇದೆ ಎಂದುಕೊಳ್ಳೋಣ. ಪ್ರತಿ ಬಂಧ ಒಡೆಯುವಾಗಲೂ ಒಂದು ನೀರಿನ ಅಣು ಸೇರುವುದರಿಂದ ಅದು ಸುಮಾರು 389 ಕೆ.ಜಿ. ಗ್ಲೂಕೋಸ್ ಆಗಬೇಕು. 100 ಕೆ.ಜಿ. ಗ್ಲೂಕೋಸ್ ಪೂರ್ತಿ ಹುದುಗಿದರೆ 51 ಕೆ.ಜಿ. ಎಥನಾಲ್. ಹಾಗಾಗಿ 198 ಕೆ.ಜಿ., ಅಂದರೆ ಸುಮಾರು 250 ಲೀಟರ್. ಹೆಮಿಸೆಲ್ಯುಲೋಸ್‌ನ ಸಕ್ಕರೆಯನ್ನೂ ಹಿಡಿದರೆ ಇನ್ನೂ ಹೆಚ್ಚು. ಕಾಗದದ ಮೇಲೆ 250ಕ್ಕೂ ಹೆಚ್ಚು, ಕಾರ್ಖಾನೆಯ ಗುರಿಯೇ 150. ಈ ಅಂತರದಲ್ಲಿ ತೆರೆಯದೇ ಉಳಿದ ನಾರು, ಕರಕಲಾದ ಸಕ್ಕರೆ, ಯೀಸ್ಟ್‌ಗೆ ದಕ್ಕದ ಸಕ್ಕರೆ ಎಲ್ಲವೂ ಸೇರಿವೆ. ಎಲ್ಲಕ್ಕೂ ಬೇರು ಮೊದಲ ಹೆಜ್ಜೆಯಲ್ಲಿದೆ.

ಹೊರದೇಶಗಳ ಅನುಭವವೂ ಎಚ್ಚರಿಕೆ ಹೇಳುತ್ತದೆ. ಇಟಲಿಯ ಕ್ರೆಶೆಂಟಿನೊದಲ್ಲಿ 2013ರಲ್ಲಿ ತೆರೆದ ಘಟಕ 2017ರಲ್ಲಿ ನಿಂತಿತು. ಅಮೆರಿಕದ ಅಯೋವಾ ರಾಜ್ಯದಲ್ಲಿ ಡ್ಯುಪಾಂಟ್ ಕಂಪನಿ 2015ರಲ್ಲಿ ತೆರೆದ ಮೆಕ್ಕೆಜೋಳದ ದಂಟಿನ ಘಟಕವನ್ನು ಎರಡೇ ವರ್ಷಕ್ಕೆ ಕೈಬಿಟ್ಟಿತು. ರೊಮೇನಿಯಾದ ಪೊಡಾರಿಯಲ್ಲಿ ಗೋಧಿ ಹುಲ್ಲಿನ ಘಟಕ 2022ರಲ್ಲಿ ಶುರುವಾಗಿ ಮರುವರ್ಷವೇ ಮುಚ್ಚುವ ನಿರ್ಧಾರವಾಯಿತು. ಎಲ್ಲ ಕಡೆ ಕಾರಣ ಒಂದೇ ಅಲ್ಲ. ಎಣ್ಣೆ ಬೆಲೆ, ಸಾಲ, ಕಂಪನಿಯ ಲೆಕ್ಕಾಚಾರ ಎಲ್ಲವೂ ಇದ್ದವು. ಆದರೂ ಈ ಉದ್ಯಮಕ್ಕೆ ಮತ್ತೆ ಮತ್ತೆ ಪೆಟ್ಟು ಕೊಟ್ಟ ಸಂಗತಿ ಒಂದಿದೆ. ಹೊಲದಿಂದ ಬರುವ ಹುಲ್ಲು ಪ್ರಯೋಗಾಲಯದ ಹುಲ್ಲಿನಂತಿರುವುದಿಲ್ಲ. ಅದರಲ್ಲಿ ಮಣ್ಣು, ಕಲ್ಲು, ತೇವ ಇರುತ್ತದೆ. ಭತ್ತದ ಹುಲ್ಲಿನಲ್ಲಿ ಸಿಲಿಕಾ ಬೇರೆ ಹೆಚ್ಚು, ಯಂತ್ರವನ್ನೇ ಸವೆಸುತ್ತದೆ.

ನಮ್ಮ ಜಿಲ್ಲೆಗೆ ಇದೇಕೆ ಬೇಕು?

2019ರಲ್ಲಿ ಕೇಂದ್ರ ಸರ್ಕಾರ ಇಂಥ ಘಟಕಗಳಿಗೆ ನೆರವು ಕೊಡಲು ಜೀ-ವನ್ ಯೋಜನೆ ತಂದಿತು. ಆ ನೆರವಿನ ಪಟ್ಟಿಯಲ್ಲಿ ನಮ್ಮ ಹರಿಹರದ ಬಳಿ ಎಂ.ಆರ್.ಪಿ.ಎಲ್. ಯೋಜಿಸಿದ ಘಟಕವೂ ಇದೆ. ಜಾಗದ ಆಯ್ಕೆ ಸಹಜವೇ. ಭದ್ರಾ ನಾಲೆಯ ಭತ್ತ, ದಾವಣಗೆರೆ ಸುತ್ತಿನ ಮೆಕ್ಕೆಜೋಳ, ಚನ್ನಗಿರಿಯ ಅಡಿಕೆ, ಎಲ್ಲವೂ ಹತ್ತಿರದಲ್ಲಿವೆ. ಇಂದು ಪೆಟ್ರೋಲಿಗೆ ಬೆರೆಸುವ ಶೇ. 20ರಷ್ಟು ಎಥನಾಲ್‌ನ ಬಹುಪಾಲು ಬರುವುದು ಕಬ್ಬು, ಮೆಕ್ಕೆಜೋಳ, ಅಕ್ಕಿಗಳಿಂದ. ತಿನ್ನುವ ಕಾಳಿನ ಬದಲು ತಿನ್ನದ ದಂಟಿನಿಂದ ಇಂಧನ ಬರುವುದಾದರೆ ಅದು ನಿಜಕ್ಕೂ ಒಳ್ಳೆಯದು. ನಾನು ಅದರ ಪರ.

ಆದರೆ ಕಣ್ಣು ಮುಚ್ಚಿ ಪರ ಅಲ್ಲ. ತುಂಗಭದ್ರೆಯ ದಂಡೆಗೆ ಈ ರಸಾಯನಶಾಸ್ತ್ರ ಹೊಸದಲ್ಲ. ಹರಿಹರದ ಎದುರು ದಡದಲ್ಲಿ ನೀಲಗಿರಿ ಮರದ ಲಿಗ್ನಿನ್ ಬೇರ್ಪಡಿಸಿ ರೇಯಾನ್ ತಿರುಳು ಮಾಡುವ ಕೆಲಸ 1970ರ ದಶಕದಿಂದ ನಡೆದಿದೆ. 1980ರ ದಶಕದಲ್ಲಿ ನದಿಯ ನೀರು ಕೆಟ್ಟಿತೆಂದು ದಡದ ಹಳ್ಳಿಗಳವರು, ಮೀನುಗಾರರು, ಧಾರವಾಡದ ಸಮಾಜ ಪರಿವರ್ತನ ಸಮುದಾಯದಂಥ ಸಂಘಟನೆಗಳು ಹೋರಾಡಿದ್ದೂ ಚರಿತ್ರೆಯಲ್ಲಿದೆ. ಮರದಿಂದಾಗಲಿ ಹುಲ್ಲಿನಿಂದಾಗಲಿ ಲಿಗ್ನಿನ್ ಬಿಡಿಸಿದರೆ ಆ ಕಪ್ಪು ನೀರು ಎಲ್ಲಿಗಾದರೂ ಹೋಗಲೇಬೇಕು. ಆಮ್ಲ ಬಳಸಿ ಸುಣ್ಣದಿಂದ ತಟಸ್ಥಗೊಳಿಸಿದರೆ ಜಿಪ್ಸಮ್ ರಾಶಿ ಬೀಳುತ್ತದೆ.

ಆದ್ದರಿಂದ ಘಟಕ ಬರುವ ದಿನ ನಾವು ಕೇಳಬೇಕಾದ ಪ್ರಶ್ನೆ "ಎಷ್ಟು ಲೀಟರ್ ಎಥನಾಲ್?" ಎಂಬುದೊಂದೇ ಅಲ್ಲ. ಬೀಗ ತೆಗೆಯಲು ಏನು ಬಳಸುತ್ತೀರಿ? ಬಳಸಿದ ನೀರನ್ನು ಮತ್ತೆ ಬಳಸುತ್ತೀರೋ, ನದಿಗೆ ಬಿಡುತ್ತೀರೋ? ಉಳಿದ ಲಿಗ್ನಿನ್ ಅನ್ನು ಬಾಯ್ಲರ್‌ಗೆ ಹಾಕಿ ಹಬೆ ತೆಗೆಯುತ್ತೀರೋ, ಬೇರೆ ಕಲ್ಲಿದ್ದಲು ತರುತ್ತೀರೋ? ಹುಲ್ಲು, ಸಿಪ್ಪೆ ತಂದುಕೊಡುವವರಿಗೆ ಏನು ಕೊಡುತ್ತೀರಿ? ಈ ನಾಲ್ಕು ಪ್ರಶ್ನೆಗಳಿಗೆ ಉತ್ತರ ಕೊಡದ ಯೋಜನೆಗೆ ಚಪ್ಪಾಳೆ ತಟ್ಟಬಾರದು. ಪ್ರಶ್ನೆ ಕೇಳಲು ಮಾತ್ರ ವಿಷಯ ಗೊತ್ತಿರಬೇಕು.

ಗೆಳತಿಯರ ಆಕ್ಷೇಪಗಳು

ಈ ಮಾತನ್ನು ಕ್ಯಾಂಟೀನಿನಲ್ಲಿ ಎತ್ತಿದಾಗ ಒಬ್ಬಳು ನಕ್ಕು, "ಸಿಪ್ಪೆಯಿಂದ ಶರಾಬು ಮಾಡಿಸಲು ಹೊರಟೆಯಾ?" ಎಂದಳು. ಮಸಲೆ ಹೇಳುವಷ್ಟು ಓದು ನನಗಿಲ್ಲ, ಅದನ್ನು ತಿಳಿದವರು ಹೇಳಲಿ. ರಸಾಯನಶಾಸ್ತ್ರ ಮಾತ್ರ ಹೇಳಬಲ್ಲೆ. ಇದು ಎಂಜಿನ್ನಿಗೆ ಹಾಕುವ, ಕುಡಿಯಲಾಗದ ಇಂಧನ. ಅದಕ್ಕಿಂತ ಮುಖ್ಯವಾಗಿ, ಸಕ್ಕರೆ ಒಂದು ಕೂಡುರಸ್ತೆ. ಅಲ್ಲಿಂದ ಎಥನಾಲ್‌ಗೂ ಹೋಗಬಹುದು, ಪ್ಲಾಸ್ಟಿಕ್ಕಿನ ಬದಲಿಗೆ ಬಳಸುವ ಲ್ಯಾಕ್ಟಿಕ್ ಆಮ್ಲಕ್ಕೂ ಹೋಗಬಹುದು. ಮೆಕ್ಕೆಜೋಳದ ದಿಂಡಿನ ಹೆಮಿಸೆಲ್ಯುಲೋಸ್‌ನಿಂದ ಬರುವ ಕ್ಸೈಲೋಸ್ ಅನ್ನು ಕ್ಸೈಲಿಟಾಲ್ ಎಂಬ ಸಿಹಿವಸ್ತುವಾಗಿ ಮಾಡಿ ಚೂಯಿಂಗ್ ಗಮ್‌ಗೆ ಹಾಕುತ್ತಾರೆ. ಎಲ್ಲ ದಾರಿಗೂ ಬಾಗಿಲು ಒಂದೇ.

ಇನ್ನೊಬ್ಬಳ ಆಕ್ಷೇಪ ಗಟ್ಟಿಯಾದದ್ದು. ಅವಳು ಮಲೇಬೆನ್ನೂರು ಕಡೆಯ ರೈತರ ಮನೆಯವಳು. "ಹುಲ್ಲನ್ನೆಲ್ಲ ಕಾರ್ಖಾನೆ ಒಯ್ದರೆ ನಮ್ಮ ದನಕ್ಕೆ ಏನು ಹಾಕಬೇಕು? ಮಣ್ಣಿಗೆ ಏನು ಉಳಿಯುತ್ತದೆ?" ಎಂದಳು. ಅವಳ ಮಾತು ಸರಿ. ದನ ತಿನ್ನುವ ಹುಲ್ಲು ದನಕ್ಕೇ ಹೋಗಲಿ, ಮಣ್ಣಿಗೆ ಬೇಕಾದಷ್ಟು ಮಣ್ಣಿಗೆ ಉಳಿಯಲಿ. ಕಾರ್ಖಾನೆಗೆ ಹೋಗಬೇಕಾದದ್ದು ಈಗ ಬೆಂಕಿಗೆ ಹೋಗುತ್ತಿರುವುದು ಮಾತ್ರ. ಕಟಾವು ಯಂತ್ರ ಬಿಟ್ಟುಹೋದ ಮೇಲೆ ಗದ್ದೆಯಲ್ಲೇ ಸುಡುವ ಹುಲ್ಲು, ರಾಶಿ ಬಿದ್ದ ದಿಂಡು, ಮತ್ತು ಯಾವ ದನವೂ ಮೂಸದ ನಮ್ಮ ಅಡಿಕೆ ಸಿಪ್ಪೆ.

ಕಾಲೇಜಿನಲ್ಲಿ ಏನು ಮಾಡಬಹುದು?

ನಮ್ಮ ಪ್ರಯೋಗಾಲಯದಲ್ಲಿ ಪಿಷ್ಟಕ್ಕೆ ಅಯೋಡಿನ್ ಹಾಕಿ ನೀಲಿ ಬಣ್ಣ ನೋಡುತ್ತೇವೆ, ಬರೆದುಕೊಳ್ಳುತ್ತೇವೆ, ಮರೆಯುತ್ತೇವೆ. ಸೆಲ್ಯುಲೋಸ್ ನೀಟ್, ಸಿಇಟಿಗಳಲ್ಲಿ ಬರಬಹುದಾದ ಒಂದು ಪ್ರಶ್ನೆ ಅಷ್ಟೇ. ಈ ವರ್ಷದ ವಿಜ್ಞಾನ ಪ್ರದರ್ಶನದಲ್ಲಿ ಥರ್ಮೋಕೋಲಿನ ಜ್ವಾಲಾಮುಖಿಯ ಬದಲು ಒಂದು ನಿಜವಾದ ಪ್ರಯೋಗ ಮಾಡಬಾರದೇಕೆ ಎಂದು ರಸಾಯನಶಾಸ್ತ್ರ, ಜೀವಶಾಸ್ತ್ರ ವಿಭಾಗದ ಗುರುಗಳಲ್ಲಿ ಕೇಳಿಕೊಳ್ಳುತ್ತೇನೆ.

ಬೇಕಾದದ್ದು ಹೆಚ್ಚೇನಿಲ್ಲ. ಒಣಗಿಸಿ ಸಣ್ಣಗೆ ಕತ್ತರಿಸಿದ ಅಡಿಕೆ ಸಿಪ್ಪೆ, ಭತ್ತದ ಹುಲ್ಲು, ಮೆಕ್ಕೆಜೋಳದ ದಿಂಡು, ತಲಾ 10 ಗ್ರಾಂನ ಎರಡು ಪಾಲು. ಒಂದು ಪಾಲು ಬರೀ ನೀರಿನಲ್ಲಿ, ಇನ್ನೊಂದು 1 ಗ್ರಾಂ ಸುಣ್ಣ ಕಲಸಿದ ನೀರಿನಲ್ಲಿ. ಎಲೆಗೆ ಹಚ್ಚುವ ಅದೇ ಸುಣ್ಣ. ಎರಡು ಮೂರು ವಾರ ಬಿಡಬೇಕು. ಆಮೇಲೆ ಚೆನ್ನಾಗಿ ತೊಳೆದು, ಸ್ವಲ್ಪ ವಿನೆಗರ್ ಹಾಕಿ ಪಿ.ಎಚ್. 5ರ ಹತ್ತಿರ ತಂದು, ಸೆಲ್ಯುಲೇಸ್ ಕಿಣ್ವ ಬೆರೆಸಿ 50 ಡಿಗ್ರಿ ಬಿಸಿನೀರಿನಲ್ಲಿ ಒಂದು ದಿನ ಇಡಬೇಕು. ಕೊನೆಗೆ ಬೆನೆಡಿಕ್ಟ್ ಪರೀಕ್ಷೆ. ಹೋಲಿಕೆಗೆ ಕಿಣ್ವ ಹಾಕದ ಒಂದು ನಳಿಕೆ, ಬರೀ ಕಿಣ್ವದ ಒಂದು ನಳಿಕೆಯೂ ಇರಲಿ. ಕೈಗವಸು, ಕನ್ನಡಕ ಮರೆಯಬಾರದು. ಯಾವ ನಳಿಕೆ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ, ಯಾವುದು ನೀಲಿಯಾಗಿಯೇ ಉಳಿಯುತ್ತದೆ, ನೋಡೋಣ. ನಮ್ಮ ಜಿಲ್ಲೆಯ ಯಾವ ಕಸದ ಬೀಗ ಸುಣ್ಣಕ್ಕೆ ಬಗ್ಗುತ್ತದೆ ಎಂದು ನಮ್ಮ ಕಣ್ಣಿಂದಲೇ ತಿಳಿಯುತ್ತದೆ. ಫಲಿತಾಂಶ ಏನೇ ಬರಲಿ, ಇದೇ ಪತ್ರಿಕೆಯಲ್ಲಿ ಪ್ರಕಟಿಸೋಣ. ಬಣ್ಣ ಬರದಿದ್ದರೆ ಅದನ್ನೂ ಬರೆಯೋಣ.

ಇಷ್ಟರಿಂದ ಅಬ್ಬಾನ ಸಿಪ್ಪೆ ರಾಶಿ ನಾಳೆಯೇ ಕರಗುವುದಿಲ್ಲ. ಅದು ನನಗೂ ಗೊತ್ತು. ಈ ಸಲ ಊರಿಗೆ ಹೋದಾಗ ಅಬ್ಬಾಗೆ ಇದನ್ನೆಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಅಂಗಡಿ ತೆರೆಯುವ ತನಕ ಮಾಲು ಎಲ್ಲಿಡಲಿ?" ಎಂದರು. ವ್ಯಾಪಾರದವರ ಪ್ರಶ್ನೆ. ಸದ್ಯಕ್ಕೆ ಒಂದು ಒಪ್ಪಂದಕ್ಕೆ ಬಂದಿದ್ದೇವೆ. ಈ ಸುಗ್ಗಿಯಲ್ಲಿ ಸಿಪ್ಪೆಗೆ ಬೆಂಕಿ ಇಡುವುದಿಲ್ಲ. ತೋಟದವರನ್ನು ಒಪ್ಪಿಸಿ, ಗುಂಡಿಯಲ್ಲಿ ಸಗಣಿ ನೀರು ಹಾಕಿ ಗೊಬ್ಬರಕ್ಕೆ ಕೊಳೆಸುತ್ತೇವೆ. ನಿಧಾನದ ದಾರಿ, ಆದರೆ ಹೊಗೆಯಿಲ್ಲ. ಮೊದಲ ಗುಂಡಿ ತೋಡಿ ಆಗಿದೆ.

ದಾದಿ ಜಗುಲಿಯಿಂದಲೇ ನೋಡುತ್ತಿದ್ದರು. ಗುಂಡಿ ಇನ್ನೂ ಸ್ವಲ್ಪ ಆಳ ಇರಲಿ ಎಂದರು.

— ದ್ವಿತೀಯ ಪಿ.ಯು.ಸಿ., ವಿಜ್ಞಾನ ವಿಭಾಗದ ವಿದ್ಯಾರ್ಥಿನಿ